ಮುಳ್ಳಿಯ ನಾಲ್ಕನೇ ಸಾಲು

ಒಂದು ಕಾಡಿನಲ್ಲಿ ಒಂದು ಶಾಲೆಯಿತ್ತು. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ದೊಡ್ಡದೊಂದು ಬಂಡೆ, ಅದರ ಮುಂದೆ ಒಂದಿಷ್ಟು ಹುಲ್ಲು, ಅಷ್ಟೇ. ಆ ಶಾಲೆಯನ್ನು ಶುರು ಮಾಡಿದವಳು ಆನೆ ಅಜ್ಜಿ. ಅವಳು ಮರಿಗಳಿಗೆ ಪದ್ಯ ಕಲಿಸುತ್ತಿದ್ದಳು. ಪ್ರತಿ ಸಾಲಿನಲ್ಲೂ ಎರಡನೆಯ ಅಕ್ಷರ ಒಂದೇ ಇರಬೇಕು, ಅದೇ ಪ್ರಾಸ, ನಮ್ಮ ಹಳೆಯ ಹಾಡುಗಳೆಲ್ಲ ನಿಂತಿರುವುದೇ ಅದರ ಮೇಲೆ ಎನ್ನುತ್ತಿದ್ದಳು. ಬರಬರುತ್ತಾ ಅಜ್ಜಿಗೆ ಮಂಡಿನೋವು ಹೆಚ್ಚಾಯಿತು. ಅವಳು ಕೆರೆದಂಡೆ ಬಿಟ್ಟು ಬರುವುದೇ ಕಷ್ಟವಾಯಿತು. ಆಗ ಪದ್ಯ ಕಲಿಸಲು ನರಿ ಬಂದ.

ನರಿ ಮೇಷ್ಟ್ರಿಗೆ ಒಂದು ಬಿರುದಿತ್ತು, ಕಾವ್ಯಶಿಖಾಮಣಿ ಅಂತ. ಕೊಟ್ಟವರು ಯಾರು ಎಂದು ಕೇಳಬೇಡಿ, ಅವನೇ ಇಟ್ಟುಕೊಂಡದ್ದು. ಅವನ ಪಾಠ ಬಲು ಸುಲಭ. ಸಾಲಿನ ಕೊನೆಗೆ ಒಂದೇ ಸದ್ದು ಬಂದರೆ ಅದು ಪದ್ಯ. ಮೇಷ್ಟ್ರು ಹೇಳಿದ್ದೇ ಅದರ ಅರ್ಥ. ಮರಿಗಳ ಕೆಲಸ ಬಾಯಿಪಾಠ. ಮೊಲದ ಮರಿ, ಕಡವೆ ಮರಿ, ಕೋತಿ ಮರಿ ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸದವಳು ಒಬ್ಬಳೇ, ಮುಳ್ಳುಹಂದಿಯ ಮಗಳು ಮುಳ್ಳಿ.

ಒಂದು ದಿನ ಪಾಠದಲ್ಲಿ 'ಬೆಳ್ಳಿ ಮೂಡಿತು' ಎಂಬ ಮಾತು ಬಂತು. ಬೆಳ್ಳಿ ಎಂದರೆ ಕಾಲ್ಗೆಜ್ಜೆ ಮಾಡುವ ಬೆಳ್ಳಿ, ಅದು ನೆಲದೊಳಗಿಂದ ಮೇಲೆ ಬಂತು ಎಂದು ನರಿ ಅರ್ಥ ಹೇಳಿದ. ಮುಳ್ಳಿ ಎದ್ದು ನಿಂತಳು. ಮುಳ್ಳುಹಂದಿಗಳು ಇರುಳೆಲ್ಲ ಗೆಡ್ಡೆ ಅಗೆದು ತಿಂದು, ನಸುಕಿನಲ್ಲಿ ಬಿಲಕ್ಕೆ ಮರಳುವ ಜನ. ಆ ಹೊತ್ತಿಗೆ ಮೂಡಲ ದಿಕ್ಕಿನಲ್ಲಿ ಹೊಳೆಯುವ ಚುಕ್ಕಿಯೇ ಬೆಳ್ಳಿ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದಳು. ನರಿಗೆ ಮೈಯೆಲ್ಲ ಉರಿದುಹೋಯಿತು. ಗೆಡ್ಡೆ ತಿನ್ನುವ ಬಾಯಿಗೆ ಕಾವ್ಯದ ರುಚಿ ಹೇಗೆ ಗೊತ್ತಾಗಬೇಕು ಎಂದು ಗದರಿ, ಅವಳನ್ನು ಹೊರಗೆ ಹುಣಸೆಮರದ ಕೆಳಗೆ ನಿಲ್ಲಿಸಿದ.

ಮುಳ್ಳಿಗೆ ಅಳು ಬಂತು. ಅಳುವಿಗಿಂತ ಸಿಟ್ಟು ಹೆಚ್ಚು ಬಂತು. ಮರದ ಕೆಳಗೆ ನಿಂತು ಸಿಟ್ಟನ್ನೇ ಗುನುಗಿದಳು. ಗುನುಗುತ್ತಾ ಗುನುಗುತ್ತಾ ಅದು ಹಾಡಾಯಿತು. ತನ್ನದೇ ಒಂದು ಮುಳ್ಳು ಕಿತ್ತು, ತೇಗದ ಎಲೆಯ ಮೇಲೆ ಗೀಚಿದಳು:

ಹಳ್ಳ ಯಾರ ಕೇಳಿ ಹರಿಯಿತು?
ಬಳ್ಳಿ ಯಾರ ಕೇಳಿ ಚಿಗುರಿತು?
ಬೆಳ್ಳಿ ಯಾರ ಕೇಳಿ ಮೂಡಿತು?
ಮುಳ್ಳಿ ಕೂಡ ಹಾಗೆ ಹಾಡಿತು.

ಆ ಶಾಲೆಯಲ್ಲಿ ವರ್ಷಕ್ಕೊಮ್ಮೆ ಪದ್ಯದ ಹಬ್ಬ ನಡೆಯುತ್ತಿತ್ತು. ಆನೆ ಅಜ್ಜಿ ಮೆಚ್ಚಿದ ಪದ್ಯವನ್ನು, ಬರೆದವರ ಹೆಸರಿನ ಸಮೇತ, ಬಂಡೆಯ ಮೇಲೆ ಕೆತ್ತುವುದು ವಾಡಿಕೆ. ಬಂಡೆಯ ಮೇಲೆ ಇದುವರೆಗೆ ಮುಳ್ಳುಹಂದಿಯ ಹೆಸರು ಏರಿರಲಿಲ್ಲ. ಏರಲೇಬೇಕೆಂದು ಮುಳ್ಳಿ ಹಟ ಹಿಡಿದಳು. ನಿಯಮದಂತೆ ಎಲೆಯನ್ನು ಮೇಷ್ಟ್ರಿಗೆ ಒಪ್ಪಿಸಿದಳು.

ನರಿ ಓದಿದ. ಅರ್ಥ ಆಗಲಿಲ್ಲ, ಆದರೆ ಕೇಳಲು ಸೊಗಸಾಗಿದೆ ಎಂಬುದು ಮಾತ್ರ ಆ ಕಿವಿಗೂ ತಿಳಿಯಿತು. ಇದು ತನ್ನದಾದರೆ ಬಂಡೆಯ ಮೇಲೆ ತನ್ನ ಹೆಸರು, ಆಮೇಲೆ ತನ್ನನ್ನು ಶಾಲೆಯಿಂದ ಅಲುಗಿಸುವವರಿಲ್ಲ ಎಂದು ಲೆಕ್ಕ ಹಾಕಿದ. ಮುಳ್ಳುಹಂದಿಯ ಹೆಸರು ಪದ್ಯದಲ್ಲಿದ್ದರೆ ಕೇಳುವವರ ಕಿವಿಗೆ ಚುಚ್ಚುತ್ತದೆ, ತೆಗೆದುಬಿಡು ಎಂದು ಮೆಲ್ಲಗೆ ಹೇಳಿದ.

"ತೆಗೆಯೋದಿಲ್ಲ ಮೇಷ್ಟ್ರೇ," ಎಂದಳು ಮುಳ್ಳಿ. "ಅದು ನನ್ನ ಹಾಡು. ನನ್ನ ಹೆಸರು ಅದರಲ್ಲೇ ಇರಲಿ."

ನರಿ ನಕ್ಕ. ಎಲೆಯನ್ನು ಅವಳ ಕಣ್ಣೆದುರೇ ಹರಿದು ಹಳ್ಳಕ್ಕೆ ಎಸೆದ. ಯಾರ ಹತ್ತಿರವಾದರೂ ಬಾಯಿಬಿಟ್ಟರೆ ಶಾಲೆಯಿಂದ ಓಡಿಸುತ್ತೇನೆ ಎಂದೂ ಹೆದರಿಸಿದ.

ಹಬ್ಬದ ದಿನ ಆನೆ ಅಜ್ಜಿ ಕುಂಟುತ್ತಾ ಬಂದು ಬಂಡೆಯ ಪಕ್ಕ ನಿಂತಳು. ಕಾಡಿಗೆ ಕಾಡೇ ಸೇರಿತ್ತು. ಮರಿಗಳು ಹಾಡಿದ ಮೇಲೆ ನರಿ ಗಂಟಲು ಸರಿಮಾಡಿಕೊಂಡು, ತಾನೂ ಒಂದು ಪದ್ಯ ಬರೆದಿದ್ದೇನೆ ಎಂದ. ಹಳ್ಳ, ಬಳ್ಳಿ, ಬೆಳ್ಳಿ, ಮೂರು ಸಾಲನ್ನೂ ರಾಗವಾಗಿ ಹಾಡಿದ. ನಾಲ್ಕನೆಯದನ್ನು "ನರಿಯು ಕೂಡ ಹಾಗೆ ಹಾಡಿತು" ಎಂದು ಮುಗಿಸಿದ. ಕೊನೆಯ ಸದ್ದು ಹೊಂದಿದೆಯಲ್ಲ, ಇನ್ನೇನು ಬೇಕು ಎಂಬುದು ಅವನ ಧೈರ್ಯ.

ಸುಮ್ಮನಿದ್ದರೆ ಹಾಡು ಹೋಗುತ್ತದೆ, ಮಾತಾಡಿದರೆ ಶಾಲೆ ಹೋಗುತ್ತದೆ. ಮುಳ್ಳಿ ಮೈಮುಳ್ಳೆಲ್ಲ ನೆಟ್ಟಗೆ ಮಾಡಿಕೊಂಡು ಎದ್ದು ನಿಂತಳು.

"ಅಜ್ಜಿ, ಅದು ನನ್ನ ಹಾಡು. ಮೇಷ್ಟ್ರು ಕದ್ದಿದ್ದಾರೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಸಾಕ್ಷಿ ಎಲ್ಲಿ, ಬರೆದ ಎಲೆ ಎಲ್ಲಿ ಎಂದು ನರಿ ಕೇಳಿದ. ಈಗಲೇ ತಪ್ಪೊಪ್ಪಿಕೊಂಡು ಕೂರದಿದ್ದರೆ ನಾಳೆಯಿಂದ ಶಾಲೆಯ ಕಡೆ ತಲೆ ಹಾಕಬೇಡ ಎಂದ.

"ಶಾಲೆ ಬಿಡು ಅಂದರೆ ಬಿಡ್ತೀನಿ, ಹಾಡು ಬಿಡೋದಿಲ್ಲ," ಎಂದಳು ಮುಳ್ಳಿ. "ಎಲೆ ಹಳ್ಳ ಸೇರಿತು, ಸಾಕ್ಷಿ ಹಾಡಿನೊಳಗೇ ಇದೆ. ಅಜ್ಜಿ, ನಾಲ್ಕನೇ ಸಾಲು ಇನ್ನೊಂದು ಸಲ ಹೇಳಿಸಿ."

ನರಿ ಹಾಡನ್ನು ಮೊದಲಿಂದ ಹೇಳಲೇಬೇಕಾಯಿತು. ಆನೆ ಅಜ್ಜಿ ಮೊರದಗಲದ ಕಿವಿ ಅಗಲಿಸಿ ಕೇಳಿದಳು. ಮೂರು ಸಾಲು ಸರಾಗವಾಗಿ ನಡೆದು ಬಂದವು, ನಾಲ್ಕನೆಯದು ಎಡವಿತು. ಹಳ್ಳ, ಬಳ್ಳಿ, ಬೆಳ್ಳಿ ಎಲ್ಲದರಲ್ಲೂ ಎರಡನೆಯ ಅಕ್ಷರ ಒಂದೇ, ನಡುವೆ ಈ ನರಿ ಎಲ್ಲಿಂದ ನುಗ್ಗಿದ ಎಂದು ಅಜ್ಜಿ ಕೇಳಿದಳು. ನರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಗ ಅಜ್ಜಿಯೇ ಪ್ರಾಸದ ಪಾಠ ಬಿಡಿಸಿ ಹೇಳಿದಳು. ಪದ್ಯ ನಿನ್ನದೇ ಆದರೆ, ನಿನಗೆ ಹೊಂದುವ ಬೇರೊಂದು ಮಾತು ಹಾಕಿ ನಾಲ್ಕನೆಯ ಸಾಲನ್ನು ಸರಿಮಾಡು ಎಂದಳು.

ನರಿ ತಿಣುಕಿದ. ಮುಗಿಲು ನೋಡಿದ, ನೆಲ ನೋಡಿದ.

"ಕಳ್ಳ..." ಎಂದು ಬಾಯಿಂದ ಜಾರಿತು. ಬೇಡ ಬೇಡ ಎಂದು ನಾಲಿಗೆ ಕಚ್ಚಿಕೊಂಡ. ಮತ್ತೆ ತಿಣುಕಿದ. "ಸುಳ್ಳು..." ಎಂದು ಬಂತು. ಎಷ್ಟು ತಡಕಾಡಿದರೂ ಅವನ ಬಾಯಿಗೆ ಆ ಎರಡೇ ಮಾತು.

ಮರದ ಮೇಲಿದ್ದ ಕೋತಿ ಮರಿಗೆ ತಡೆಯಲಾಗಲಿಲ್ಲ. "ಕಳ್ಳನ ಮನಸ್ಸು ಹುಳ್ಳುಳ್ಳಗೆ," ಎಂದಿತು.

"ಪ್ರಾಸ ಅಂದರೆ ಇದಪ್ಪಾ," ಎಂದಳು ಅಜ್ಜಿ. ಕಾಡೆಲ್ಲ ಗೊಳ್ಳೆಂದು ನಕ್ಕಿತು.

ನರಿ ಮುಖ ಹುಳ್ಳಗೆ ಮಾಡಿಕೊಂಡು ಪೊದೆಯ ಕಡೆ ಜಾರುತ್ತಿದ್ದ. ಆನೆ ಅಜ್ಜಿ ಸೊಂಡಿಲು ಅಡ್ಡ ಹಿಡಿದಳು. ಓಡಿಹೋಗಿ ಇನ್ನೊಂದು ಕಾಡಿನ ಮರಿಗಳಿಗೆ ಪಾಠ ಹೇಳುವುದು ಬೇಡ, ಇಲ್ಲೇ ಮರಿಗಳ ಜೊತೆ ಕೂತು ಮೊದಲಿಂದ ಕಲಿ ಎಂದಳು. ಮೊದಲು ಹಾಡು ಮುಳ್ಳಿಯದೆಂದು ಎಲ್ಲರಿಗೂ ಕೇಳುವಂತೆ ಹೇಳಲಿ ಎಂದು ಮುಳ್ಳಿ ಪಟ್ಟು ಹಿಡಿದಳು. ನರಿ ಮೆಲ್ಲಗೆ ಹೇಳಿದ. ಕೇಳಿಸಲಿಲ್ಲ ಎಂದಳು ಮುಳ್ಳಿ. ಗಟ್ಟಿಯಾಗಿ ಹೇಳಿದ.

ಆಮೇಲೆ ಮುಳ್ಳಿ ತನ್ನ ಹಾಡನ್ನು ತಾನೇ ಹಾಡಿದಳು. ನಾಲ್ಕನೆಯ ಸಾಲು ಬಂದಾಗ ದನಿ ಎತ್ತರಿಸಿದಳು. ಅಜ್ಜಿ ಮೆಚ್ಚಿ ತಲೆದೂಗಿದಳು. ಬಂಡೆಯ ಮೇಲೆ ಕೆತ್ತುವ ಕೆಲಸವನ್ನು ಮುಳ್ಳಿ ಬೇರೆಯವರಿಗೆ ಬಿಡಲಿಲ್ಲ, ತಾನೇ ಹತ್ತಿ ನಿಂತು ಕೆತ್ತಿದಳು.

ನೀತಿ: ಹಾಡು ಕದ್ದವನಿಗೆ ಹಾಡಿನ ಮರ್ಮ ದಕ್ಕುವುದಿಲ್ಲ, ನಿನ್ನ ಮಾತು ನಿನ್ನದೆಂದು ಯಾರ ಮುಂದೆಯಾದರೂ ಎದ್ದು ನಿಂತು ಹೇಳು.