ತವರಿಗೆ ಬಂದ ಹೆಜ್ಜಾರ್ಲೆಗಳು

“ಕೇಳ್ರಪ್ಪೋ ಕೇಳಿ! ಬುಳ್ಳನಕೆರೆ ದಂಡೆಯ ಹುಣಸೆಮರ ಕಡಿದು, ಕೆರೆ ಬತ್ತಿಸಿ, ಗದ್ದೆ ಮಾಡಲು ಅರಸರ ಅಪ್ಪಣೆಯಾಗಿದೆ! ನಾಳೆ ಹೊತ್ತು ನೆತ್ತಿಗೇರುವ ಮೊದಲು ಅರಸರ ಮೂರು ಒಗಟು ಬಿಡಿಸಿದವನಿಗೆ ಕೆರೆಯೇ ಉಂಬಳಿ. ತಪ್ಪಿದವನ ತಲೆ ಹೋಗುತ್ತದೆ! ಯಾರೂ ಬಿಡಿಸದಿದ್ದರೆ ನಡುಹಗಲ ಗಂಟೆಗೆ ಮರಕ್ಕೆ ಕೊಡಲಿ!”

ಡಂಗುರ ಕೇಳಿ ನೀರುಗಂಟಿ ಲಕ್ಕನ ಎದೆ ಧಸಕ್ಕೆಂದಿತು. ಕೆರೆಯ ತೂಬು ಕಾಯುವ ಬಡಪಾಯಿ ಅವನು. ಆ ಹುಣಸೆಮರಗಳ ತುಂಬ ಹೆಜ್ಜಾರ್ಲೆ ಹಕ್ಕಿಗಳ ಗೂಡುಗಳು. ಮರಿಗಳಿಗೆ ರೆಕ್ಕೆ ಬಲಿಯಲು ಇನ್ನೂ ಒಂದು ತಿಂಗಳು ಬೇಕು, ಅಯ್ಯೋ, ಉಳಿದದ್ದು ಒಂದೇ ದಿನ! ಮಾರನೆಯ ಬೆಳಿಗ್ಗೆ ಅವನು ಅರಮನೆಗೆ ಓಡಿದ.

ಅಲ್ಲಿ ಕೆರೆಯಾಸೆಗೆ ಬಂದ ದೊಡ್ಡವರೇ ಮುಂದೆ ನಿಂತಿದ್ದರು.

“ಕೊರಳಲ್ಲಿ ಜೋಳಿಗೆ, ಜೋಳಿಗೆಯಲ್ಲಿ ಊಟ. ಊಟ ಹೊತ್ತವಳದಲ್ಲ, ಬಾಯಿ ಹಾಕಿದವನದು. ಯಾರವಳು?” ಎಂದ ಅರಸ.

“ಭಿಕ್ಷುಕಿ!” ಎಂದ ಒಬ್ಬ ಸಾಹುಕಾರ. ಅವನನ್ನು ಎಳೆದೊಯ್ದರು.

“ಹೆಜ್ಜಾರ್ಲೆ, ಬುದ್ಧಿ,” ಎಂದ ಲಕ್ಕ ಮುಂದೆ ಬಂದು. “ಮರಿ ತಾಯಿಯ ಗಂಟಲಚೀಲಕ್ಕೇ ಕೊಕ್ಕು ಹಾಕಿ ಮೀನು ತಿನ್ನುತ್ತೆ.”

“ಸರಿ. ಮೇಲಿಂದ ಬಿದ್ದರೆ ಛೀ ಅಂತಾರೆ, ಕೆಳಗಿಂದ ಎದ್ದರೆ ಕೈಮುಗಿದು ಉಣ್ತಾರೆ. ಏನದು?”

“ಮಳೆ!” ಎಂದು ಪಂಡಿತನೊಬ್ಬ ಬಾಯಿ ಹಾಕಿದ. ಮಳೆಗೆ ಯಾರಪ್ಪಾ ಛೀ ಅಂತಾರೆ? ಅವನೂ ಹೋದ.

“ಹಕ್ಕಿ ಹಿಕ್ಕೆ, ಬುದ್ಧಿ. ಗದ್ದೆಗೆ ಹಾಕಿದರೆ ಅನ್ನ.”

ನೋಡಿ, ಇಷ್ಟೆಲ್ಲ ತಿಳಿದೂ ಮರ ಕಡಿಸಹೊರಟಿದ್ದ ಮಹಾರಾಯ! ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಸುಮ್ಮನೆ ಹೇಳ್ತಾರೆಯೇ?

“ಕೊನೆಯದು. ಬರುವಾಗ ಬರಿಗೈ, ಹೋಗುವಾಗ ಕೂಸು. ನಡುವೆ ಹೊರಹಾಕಿದರೆ ಮನೆಗೇ ಶಾಪ. ಯಾರು?”

“ಹೆಜ್ಜಾರ್ಲೆ!” ಎಂದುಬಿಟ್ಟ ಲಕ್ಕ.

ಅರಸ ಗಹಗಹಿಸಿ ನಕ್ಕ. “ತಪ್ಪು! ಬಾಣಂತನಕ್ಕೆ ತವರಿಗೆ ಬಂದ ಮಗಳು. ಒಯ್ಯಿರಿ ಇವನನ್ನು!”

ಭಟರು ರಟ್ಟೆ ಹಿಡಿದರು. ಲಕ್ಕ ಗೋಳೋ ಎಂದು ಅತ್ತ. “ನಮ್ಮೂರಲ್ಲಿ ತವರಿಗೆ ಬಂದ ಮಗಳು ಅಂದರೆ ವರ್ಷವರ್ಷ ಮರಿ ಮಾಡೋಕೆ ಬರೋ ಹೆಜ್ಜಾರ್ಲೆನೇ, ಬುದ್ಧಿ! ಬಾಣಂತಿ ಇರೋ ಮರಕ್ಕೆ ಕಲ್ಲೂ ಎಸೆಯಲ್ಲ ನಾವು. ನನ್ನ ತಲೆ ತಗೊಳ್ಳಿ, ಅವರನ್ನು ಬಿಟ್ಟುಬಿಡಿ!”

ಆಗ ಒಳಕೋಣೆಯ ಬಾಗಿಲು ತೆರೆಯಿತು. ಅರಸನ ಮಗಳು ಚಂಪಾಜಿ, ಹೆತ್ತು ಹದಿನೈದು ದಿನದ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಕೂಸಿನೊಡನೆ ಹೊರಬಂದಳು.

“ಅಪ್ಪಾಜಿ, ಅವನು ಹೇಳಿದ್ದೂ ನೀವು ಹೇಳಿದ್ದೂ ಒಂದೇ. ಶಾಪ ಅಂದವರೂ ನೀವೇ. ಅವರನ್ನು ಹೊರಹಾಕುವುದಾದರೆ ನನ್ನನ್ನೂ ಹಾಕಿ.”

ಅರಸನ ಮುಖ ಚಿಕ್ಕದಾಯಿತು. “ಬಿಡಿ ಅವನನ್ನು,” ಎಂದ. “ಕೆರೆ ನಿನ್ನದು, ಲಕ್ಕ.”

ಅಷ್ಟರಲ್ಲಿ ನಡುಹಗಲ ಗಂಟೆ ಮೊಳಗಿತು. “ಕೊಡಲಿ ನಿಲ್ಲಿಸಿ, ಬುದ್ಧಿ!” ಎಂದು ಲಕ್ಕ ಚೀರಿದ. ಅರಸ ತಾನೇ ಕುದುರೆ ಹತ್ತಿ, ಅವನನ್ನೂ ಹಿಂದೆ ಕೂರಿಸಿಕೊಂಡು ಕೆರೆಯತ್ತ ಓಡಿಸಿದ.

ಒಂದು ಮರ ಆಗಲೇ ಉರುಳಿತ್ತು. ಕೊಂಬೆಗಳಡಿ ಮರಿಗಳು ಸತ್ತು ಬಿದ್ದಿದ್ದವು, ತಾಯಂದಿರು ಮೇಲೆ ಸುತ್ತುತ್ತಿದ್ದರು.

“ಹೊನ್ನು ಬೇಕೇ, ಹೊಲ ಬೇಕೇ? ಇನ್ನೇನು ಕೊಡಲಿ?” ಎಂದ ಅರಸ ತಗ್ಗಿದ ದನಿಯಲ್ಲಿ.

ಲಕ್ಕ ಸತ್ತ ಮರಿಯೊಂದನ್ನು ಅವನ ಅಂಗೈಯಲ್ಲಿಟ್ಟ. “ಏನೂ ಬೇಡ, ಬುದ್ಧಿ. ತವರಿಗೆ ಬಂದ ಹೆಣ್ಣುಮಕ್ಕಳ ಕೂಸುಗಳು ಸತ್ತಿವೆ. ಊರಿಗೆ ಸೂತಕ. ನೀವೂ ಆಚರಿಸಬೇಕು.”

ಅರಸ ಕಿರೀಟ ತೆಗೆದಿಟ್ಟು ಹನ್ನೊಂದು ದಿನ ಸೂತಕ ಆಚರಿಸಿದ.