ಬೆರಳಿನಷ್ಟು ಇಳಿಯುವ ಗಾಜು

“ಅಜ್ಜಾರ, ಬಗ್ಗೂದಕ್ಕೂ ಒಂದು ಹೊತ್ತು ಅಂತ ಇರತೈತಲ್ರೀ?” ಎಂದು ಸಂಗಯ್ಯ ಮಠದ ಗುರುಗಳನ್ನು ಕೇಳಿದ.

ಸಂಗಯ್ಯ ಮಠದ ದಾಸೋಹದ ಅಡುಗೆ ನೋಡಿಕೊಳ್ಳುವ ಶಿಷ್ಯ. ಅವನು ಮಠಕ್ಕೆ ಸೇರಿದ ವರ್ಷ, ಅವನ ತಮ್ಮ ಗುರುಪಾದ ಊರ ಚಾವಡಿಯಲ್ಲಿ ಹತ್ತು ಜನರ ಎದುರು, “ದುಡಿಯಾಕ ಆಗಲಾರದ್ದಕ್ಕ ಕಾವಿ ಸುತ್ತಿಕೊಂಡಾನ” ಎಂದಿದ್ದ. ಅಂದಿನಿಂದ ಅಣ್ಣ ತಮ್ಮನ ಮುಖ ನೋಡಿರಲಿಲ್ಲ. ಈ ದಿನ ಬೆಳಿಗ್ಗೆ ತಮ್ಮ ತಾನಾಗಿಯೇ ಬಂದು ಮಠದ ಜಗಲಿಯ ಮೇಲೆ ಕೂತಿದ್ದ. ಅವನಿಗೆ ಮಗಳು ಹುಟ್ಟಿದ್ದಳು. ತೊಟ್ಟಿಲಿಗೆ ಹಾಕುವ ದಿನ ದೊಡ್ಡಪ್ಪನೇ ಬಂದು ಹೆಸರಿಡಬೇಕೆಂದು ಕರೆಯಲು ಬಂದಿದ್ದ. ಪ್ರಸಾದಕ್ಕೆ ಎಬ್ಬಿಸಲು ಹೋದವರಿಗೆ, “ಅಣ್ಣ ಬಂದು ಮಾತಾಡಿದ ಮ್ಯಾಲೆ ಉಣ್ತೀನ್ರೀ” ಎಂದು ಹೇಳಿ ಕಳಿಸಿದ್ದ. ಈಗ ಮಧ್ಯಾಹ್ನ ಕಳೆದು ಬಿಸಿಲು ತಗ್ಗುತ್ತ ಬಂದಿತ್ತು. ಅಡುಗೆಮನೆಗೂ ಜಗಲಿಗೂ ನಡುವೆ ಇದ್ದದ್ದು ಒಂದು ಅಂಗಳ. ಅಣ್ಣ ಅದನ್ನು ದಾಟಿರಲಿಲ್ಲ.

“ತಪ್ಪು ಅವಂದೈತ್ರೀ,” ಎಂದ ಸಂಗಯ್ಯ. “ನಾ ಬಗ್ಗೂದೇ ಇಲ್ಲ ಅಂತ ಅನ್ನಂಗಿಲ್ಲ. ಇನ್ನ ಸ್ವಲ್ಪ ಕೂಡ್ರಲಿ, ಅವಂಗೂ ತಿಳೀಲಿ. ಹೊತ್ತು ಬಂದಾಗ ನಾನೇ ಎದ್ದು ಹೋಗಿ ಮಾತಾಡ್ತೀನಿ. ಅದರಾಗ ತಪ್ಪೈತೇನ್ರೀ?”

ಗುರುಗಳು ನಕ್ಕರು.

“ಒಂದು ಅಗುಳು ಹಿಚುಕಿ ಹಂಡೆಯ ಅನ್ನದ ಹದ ಹೇಳುವವನು ನೀನು. ನಿನಗೆ ಹೊತ್ತು ತಿಳಿಯದೆ ಇದ್ದೀತೇ? ಇರಲಿ, ಕೂಡು. ಒಂದು ಕತೆ ಹೇಳುತ್ತೇನೆ. ಕಾರಿನ ಕತೆ. ಸನ್ಯಾಸಿಗೆ ಕಾರಿನ ಉಸಾಬರಿ ಏಕೆ ಎಂದು ಮೂಗು ಮುರಿಯಬೇಡ. ಎತ್ತಿನ ಗಾಡಿಯ ಕತೆಗಳನ್ನೆಲ್ಲ ನೀವು ಕೇಳಿ ಕೇಳಿ ಸವೆಸಿಬಿಟ್ಟಿದ್ದೀರಿ.”

ಸಂಗಯ್ಯ ಹೆಗಲ ಮೇಲಿನ ವಸ್ತ್ರಕ್ಕೆ ಕೈ ಒರೆಸಿಕೊಂಡು ಕೂತ. ಗುರುಗಳು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಒಣಮೆಣಸಿನಕಾಯಿ ವ್ಯಾಪಾರ. ಅವನಿಗೊಬ್ಬ ತಮ್ಮ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೂರುತ್ತಿದ್ದರು, ಒಂದೇ ಡಬ್ಬಿಯ ಬುತ್ತಿ ಉಣ್ಣುತ್ತಿದ್ದರು. ಒಂದು ದಿನ ಅಣ್ಣ ಗಿರಾಕಿಯೊಬ್ಬನಿಗೆ, ಇದು ಈ ವರ್ಷದ ಮಾಲು ಎಂದ. ತಮ್ಮ ಪಕ್ಕದಲ್ಲೇ ಕೂತವನು, ಅಲ್ಲ, ಹೋದ ವರ್ಷದ್ದು ಎಂದುಬಿಟ್ಟ. ತಮ್ಮ ಹೇಳಿದ್ದು ನಿಜ. ನಿಜವಾದ್ದರಿಂದಲೇ ಅಣ್ಣನಿಗೆ ಹೆಚ್ಚು ಉರಿಯಿತು. ಸುಳ್ಳು ಹೇಳಿದ್ದರೆ ಆ ಸಂಜೆಯೇ ಕ್ಷಮಿಸಿರುತ್ತಿದ್ದನೋ ಏನೋ. ಮಾತು ನಿಂತಿತು. ತಮ್ಮ ಬೇರೆ ಅಂಗಡಿ ಹಾಕಿದ. ಅಣ್ಣ ಆ ಬೀದಿಯಲ್ಲಿ ನಡೆಯುವುದನ್ನು ಬಿಟ್ಟ.

ವ್ಯಾಪಾರ ಚೆನ್ನಾಗಿಯೇ ನಡೆಯಿತು. ವರ್ತಕ ಬಹು ಬೆಲೆಯ ಒಂದು ಕಾರು ತಂದ. ಅದಕ್ಕೆ ಎರಡೇ ಬಾಗಿಲು. ಆ ಬಾಗಿಲುಗಳಲ್ಲಿ ಒಂದು ವಿಶೇಷವಿತ್ತು. ನಾವು ಕಂಡ ಕಾರುಗಳಲ್ಲಿ ಬಾಗಿಲ ಗಾಜಿನ ಸುತ್ತ ಒಂದು ಚೌಕಟ್ಟು ಇರುತ್ತದೆ. ಇದಕ್ಕೆ ಅದಿರಲಿಲ್ಲ. ಬರಿಯ ಗಾಜೇ ಮೇಲೆದ್ದು ಚಾವಣಿಯ ಅಂಚಿನ ರಬ್ಬರಿನೊಳಗೆ ಹೋಗಿ ಕೂರುತ್ತಿತ್ತು. ಕೂತ ಗಾಜನ್ನು ಹಾಗೆಯೇ ಎಳೆದರೆ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮಾಡಿದವರು ಒಂದು ಉಪಾಯ ಇಟ್ಟಿದ್ದರು. ಹಿಡಿಕೆಗೆ ಕೈ ಹಾಕಿದೊಡನೆ ಗಾಜು ತಾನಾಗಿ ಒಂದು ಬೆರಳಿನಷ್ಟು ಇಳಿಯುತ್ತದೆ. ಬಾಗಿಲು ತೆರೆಯುತ್ತದೆ. ಮುಚ್ಚಿದ ಮೇಲೆ ಮತ್ತೆ ಏರಿ ತನ್ನ ಜಾಗದಲ್ಲಿ ಕೂರುತ್ತದೆ. ಇಳಿಯಿತೆಂದು ಅದರ ಜಾಗವನ್ನು ಬೇರೆ ಯಾರೂ ಹಿಡಿಯುವುದಿಲ್ಲ.

ಆಯುಧಪೂಜೆ ಬಂತು. ವರ್ತಕ ಕಾರು ತೊಳೆಸಿ, ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ಚೆಂಡುಹೂವಿನ ಉದ್ದ ಮಾಲೆಯನ್ನು ಚಾವಣಿಯ ಮೇಲೆ ಹಾಯಿಸಿ, ಅದರ ಎರಡು ತುದಿಗಳನ್ನು ಎರಡು ಬಾಗಿಲುಗಳ ಸಂದಿಗೆ ಸಿಕ್ಕಿಸಿದ. ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಈ ಬಾಗಿಲಲ್ಲಿ ಗಾಜು ಏರುವಾಗ ಮಾಲೆಯ ಗಂಟು ಅಡ್ಡ ಬಂತು. ಗಾಜು ಏರಿತು, ಗಂಟಿಗೆ ತಾಗಿತು, ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಪೂಜೆಗೆ ಬಂದವರು ನೋಡುತ್ತಿದ್ದರು. ವರ್ತಕನಿಗೆ ನಾಚಿಕೆಯಾಯಿತು. ಹಳೆಯ ಕಾರುಗಳ ಬಾಗಿಲನ್ನು ಮೇಲಿನ ಚೌಕಟ್ಟು ಹಿಡಿದು ಬಡಿದು ರೂಢಿಯಾದ ಕೈ ಅವನದು. ಇಲ್ಲಿಯೂ ಹಾಗೆಯೇ ಗಾಜಿನ ತುದಿ ಹಿಡಿದು ಬಾಗಿಲು ಬಡಿದ. ಗಾಜು ಪುಡಿಯಾಯಿತು. ಆಗಲಾದರೂ ಬುದ್ಧಿ ಬರಬೇಕಿತ್ತು. ಬಂದದ್ದು ಸಿಟ್ಟು. ಸುತ್ತು ಹಾಕಿ ಆಚೆ ಬದಿಗೆ ಹೋಗಿ ಇನ್ನೊಂದನ್ನೂ ಬಡಿದ. ಅದೂ ಪುಡಿಯಾಯಿತು.

ಗಾಜು ಹಾಕುವವನೊಬ್ಬ ಇದ್ದ. ವರ್ತಕ ಅವನಲ್ಲಿಗೆ ಹೋದ. ಗಾಜು ದೂರದಿಂದ ಬರಬೇಕಿತ್ತು, ಬಂತು. ಅವನು ಎರಡೂ ಬಾಗಿಲುಗಳ ಒಳಹೊದಿಕೆ ಬಿಚ್ಚಿ, ಒಳಗೆ ಬಿದ್ದಿದ್ದ ಚೂರುಗಳನ್ನೆಲ್ಲ ತೆಗೆದ. ಹೊಸ ಗಾಜು ಕೂರಿಸಿದ. ಗಾಜಿಗೂ ರಬ್ಬರಿಗೂ ನಡುವೆ ಕಾಗದದ ಚೂರು ಇಟ್ಟು ಎಳೆದು, ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ನೋಡಿದ. ಕೊನೆಗೆ ಗುಂಡಿ ಒತ್ತಿ ಹಿಡಿದು, ಎಲ್ಲಿಯವರೆಗೆ ಏರಬೇಕು, ಎಲ್ಲಿಯವರೆಗೆ ಇಳಿಯಬೇಕು ಎಂಬುದನ್ನು ಗಾಜಿಗೆ ಕಲಿಸಿದ. ಹೊಸ ಗಾಜಿಗೆ ಅದನ್ನು ಕಲಿಸಲೇಬೇಕಂತೆ. ಬಳಿಕ ಹಿಡಿಕೆ ಎಳೆದ. ಗಾಜು ಬೆರಳಿನಷ್ಟು ಇಳಿಯಿತು.

ವರ್ತಕ ಮುಖ ಗಂಟಿಕ್ಕಿದ.

“ಇದರ ಈ ಇಳಿಯೂ ಚಾಳಿಯಿಂದನಽ ಅವತ್ತು ನನ್ನ ಮಾನ ಹೋತು. ಬಂದು ಹಿಡಿಕೀ ಮುಟ್ಟಿದವರಿಗೆಲ್ಲಾ ನನ್ನ ಗಾಜು ತಲಿ ಬಾಗಸಬೇಕೇನು? ಅದನ್ನ ತಗದುಬಿಡು. ಬಿಗಿಯಾಗಿ ಕೂಡಿಸು.”

“ಹಂಗ ಮಾಡಬ್ಯಾಡ್ರೀ ಸಾಹುಕಾರ್ರ, ಇಳೀದಽ ಬಾಗಿಲಾ ತಗದ್ರ ಗಾಜು ಉಳಿಯಂಗಿಲ್ರೀ,” ಎಂದ ಅವನು.

“ಇಳಸಬೇಕಾದಾಗ ನಾನಽ ಗುಂಡಿ ಒತ್ತಿ ಇಳಸ್ತೀನಿ. ಅದೇನು ನನಗ ತಿಳಿಯಂಗಿಲ್ಲಾ?”

ಗಾಜಿನವನು ಇಕ್ಕಳ ಎತ್ತಿಕೊಂಡ. ದೊಡ್ಡವರೊಡನೆ ವಾದ ಯಾಕೆ ಎಂದು, ಹಿಡಿಕೆಯ ಸುದ್ದಿಯನ್ನು ಗಾಜಿಗೆ ಮುಟ್ಟಿಸುವ ತಂತಿಯನ್ನು ತುಂಡರಿಸಿಬಿಟ್ಟ. ಅವನದೂ ತಪ್ಪೇ. ತಿಳಿದವನು ಒಂದೇ ಸಲ ಹೇಳಿ ಸುಮ್ಮನಾಗುವುದೂ ಒಂದು ಬಗೆಯ ಕಳ್ಳತನ. ಆದರೆ ಅದು ಬೇರೆ ಕತೆ.

ವರ್ತಕ ಮಾತಿಗೆ ತಪ್ಪಲಿಲ್ಲ. ಕಾರು ನಿಲ್ಲಿಸುವಾಗೆಲ್ಲ ಮೊದಲು ಗುಂಡಿ ಒತ್ತಿ ಗಾಜು ಇಳಿಸುತ್ತಿದ್ದ, ಆಮೇಲೆ ಬಾಗಿಲು ತೆರೆಯುತ್ತಿದ್ದ. ಮತ್ತೆ ಹತ್ತಲು ಬೇಕೆಂದು ಹಾಗೆಯೇ ತೆರೆದಿಟ್ಟ ಸಂದಿಯಿಂದ ಅಂಗಡಿಯ ಮೆಣಸಿನ ಘಾಟು ಒಳಗೆ ನುಗ್ಗಿ, ಕಾರು ಹತ್ತಿದಾಗಲೆಲ್ಲ ಸೀನುತ್ತಿದ್ದ. ಆದರೂ ಅವನಿಗೆ ಅದೇ ಹಿತವಾಗಿತ್ತು. ಗಾಜು ಈಗ ತಾನು ಹೇಳಿದಾಗ ಮಾತ್ರ ಇಳಿಯುತ್ತದೆ ಎಂದು ಕಂಡವರಿಗೆಲ್ಲ ಹೇಳಿಕೊಂಡ. ಆಚೆ ಬದಿಯ ಬಾಗಿಲಿನ ಹೊಸ ಗಾಜಿಗೆ ಏನೂ ಆಗಲಿಲ್ಲ; ಅದನ್ನು ತೆರೆಯುವವರೇ ಇರಲಿಲ್ಲ. ಆ ಬದಿಗೆ ಕೂರುತ್ತಿದ್ದವನು ಒಬ್ಬನೇ, ತಮ್ಮ. ಹಳೆಯ ಕಾರಿನ ಕಾಲದಲ್ಲಿ.

ಹೀಗೆ ದಿನ ಕಳೆದವು. ಒಂದು ಬೆಳಿಗ್ಗೆ ಹಮಾಲನೊಬ್ಬ ಚೀಲ ಇಳಿಸುತ್ತ ವರ್ತಕನಿಗೆ ಒಂದು ಸುದ್ದಿ ಹೇಳಿದ. ತಮ್ಮ ಅಂಗಡಿ ಮುಚ್ಚಿದ್ದಾನೆ, ಹೆಂಡತಿಯ ತವರಿನ ಕಡೆ ಹೋಗಿ ಅಲ್ಲೇ ನೆಲೆಸುತ್ತಾನಂತೆ, ಲಾರಿಗೆ ಸಾಮಾನು ಏರಿಸುತ್ತಿದ್ದಾರೆ ಎಂದ.

ಇಷ್ಟು ದಿನ ಬೀದಿ ಬೇರೆಯಾಗಿತ್ತು, ಊರು ಒಂದೇ ಇತ್ತು. ಇವತ್ತಲ್ಲ ನಾಳೆ ಮಾತಾಡಿದರಾಯಿತು ಎಂದು ಅವನು ಒಳಗೊಳಗೇ ಇಟ್ಟುಕೊಂಡಿದ್ದ. ಈಗ ಆ ನಾಳೆಯನ್ನು ಯಾರೋ ಲಾರಿಗೆ ಏರಿಸುತ್ತಿದ್ದರು. ಅವನು ತಕ್ಕಡಿ ಅಲ್ಲಿಯೇ ಬಿಟ್ಟು ಎದ್ದ. ನೋಡು ಸಂಗಯ್ಯ, ಆ ಗಳಿಗೆಯಲ್ಲಿ ಅವನು ನಿಜವಾಗಿ ಬಗ್ಗಿದ್ದ. ಯಾರೂ ಹೇಳಿಸಿದ್ದಲ್ಲ. ತಪ್ಪು ನನ್ನದು ಎಂದು ಹೇಳಬೇಕು, ಮಾಲು ಹೋದ ವರ್ಷದ್ದೇ ಆಗಿತ್ತು ಎಂದು ಒಪ್ಪಿಕೊಳ್ಳಬೇಕು, ಆಚೆ ಬದಿಯ ಬಾಗಿಲು ತೆರೆದು ತಮ್ಮನನ್ನು ಕೂರಿಸಿಕೊಂಡು ಮನೆಗೆ ಕರೆತರಬೇಕು ಎಂದುಕೊಂಡೇ ಕಾರು ಓಡಿಸಿದ.

ಲಾರಿ ಇನ್ನೇನು ಹೊರಡುವುದರಲ್ಲಿತ್ತು. ಹೆಂಡತಿ ಮಕ್ಕಳು ಹತ್ತಿ ಕೂತಿದ್ದರು. ತಮ್ಮ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದವನು ಅಣ್ಣನ ಕಾರು ಬಂದು ನಿಂತದ್ದನ್ನು ಕಂಡ. ಇಳಿದ. ಅವನಿಗೂ ಅಷ್ಟೇ ಸಾಕಾಗಿತ್ತು. ಓಡುತ್ತಲೇ ಬಂದು ಅಣ್ಣನ ಬಾಗಿಲ ಬಳಿ ನಿಂತ. ಗಾಜಿನ ಆಚೆ ತಮ್ಮನ ಮುಖ, ಈಚೆ ಅಣ್ಣನ ಮುಖ. ಇಬ್ಬರ ಕಣ್ಣೂ ತುಂಬಿದ್ದವು.

ಅಣ್ಣ ಹಿಡಿಕೆ ಎಳೆದು ಭುಜದಿಂದ ಬಾಗಿಲನ್ನು ತಳ್ಳಿದ. ಗುಂಡಿ ಒತ್ತುವುದು ಅವನಿಗೆ ನೆನಪಾಗಲಿಲ್ಲ.

ಹೇಗೆ ನೆನಪಾದೀತು? ಪ್ರೀತಿ ನುಗ್ಗುವಾಗ ಲೆಕ್ಕಾಚಾರ ಜೊತೆಗೆ ಬರುವುದಿಲ್ಲ. ಗಾಜು ಅಂಚಿಗೆ ಸಿಕ್ಕಿಕೊಂಡಿತು, ಸದ್ದು ಮಾಡಿ ಸಿಡಿಯಿತು. ಚೂರುಗಳೆಲ್ಲ ತಮ್ಮನ ಮುಖಕ್ಕೆ, ಎದೆಗೆ ಎರಚಿದವು. ಗಾಯವೇನೂ ದೊಡ್ಡದಲ್ಲ. ಕೆನ್ನೆಯ ಮೇಲೆ ಒಂದು ಗೀರು.

ಆದರೆ ಹೊರಗೆ ನಿಂತವನಿಗೆ ಕಂಡದ್ದು ಏನು? ಅಣ್ಣ ಬಂದ, ತನ್ನನ್ನು ಕಂಡ, ಬಾಗಿಲನ್ನು ಜೋರಾಗಿ ತಳ್ಳಿ ಗಾಜು ಮುಖಕ್ಕೆ ಸಿಡಿಸಿದ. ಆಯುಧಪೂಜೆಯ ದಿನ ಅವನು ಸಿಟ್ಟಿನಿಂದ ಎರಡು ಗಾಜು ಒಡೆದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಇದು ಮೂರನೆಯದು. ತಮ್ಮ ಅಂಗಿಯ ಮೇಲಿನ ಚೂರುಗಳನ್ನು ನಿಧಾನವಾಗಿ ಕೊಡವಿಕೊಂಡ.

“ಬೈಯ್ಯಾಕರ ಬಾಯಿ ತಗೀತಿ ಅಂತ ತಿಳಕೊಂಡಿದ್ದೆ, ಅಣ್ಣಾ,” ಎಂದ. ಅಷ್ಟು ಹೇಳಿ ತಿರುಗಿ ನಡೆದ.

“ನಿಂದರೋ!” ಎಂದ ವರ್ತಕ. ತಪ್ಪಾಯಿತು ಎಂಬ ಮಾತು ಗಂಟಲವರೆಗೆ ಬಂತು. ಆ ಮಾತು ಅವನ ಆಯುಷ್ಯದಲ್ಲಿ ಒಮ್ಮೆಯೂ ಆ ದಾರಿಯಲ್ಲಿ ಹೊರಗೆ ಬಂದಿರಲಿಲ್ಲ. ಅದಕ್ಕೆ ದಾರಿ ತಿಳಿಯಲಿಲ್ಲ. ಅಲ್ಲಿಯೇ ನಿಂತಿತು. ಲಾರಿ ಹೊರಟಿತು.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ತಲೆ ತಗ್ಗಿಸಿ ಕೂತಿದ್ದ. ಅಡುಗೆಮನೆಯಲ್ಲಿ ಯಾರೋ ಪಾತ್ರೆ ತಿಕ್ಕುತ್ತಿದ್ದರು. ಜಗಲಿಯ ಕಡೆಯಿಂದ ಯಾವ ಸದ್ದೂ ಇರಲಿಲ್ಲ.

“ಆಮ್ಯಾಲೆ ಆ ಗಾಜು ಏನಾತ್ರೀ?” ಎಂದು ಮೆಲ್ಲಗೆ ಕೇಳಿದ.

“ಹೊಸದು ಹಾಕಿಸಿದ. ಗಾಜಿಗೇನು, ದೂರದಿಂದಾದರೂ ಬರುತ್ತದೆ. ಈ ಸಲ ಗಾಜಿನವನ ಕೈ ಹಿಡಿದುಕೊಂಡು ಬೇಡಿ ತಂತಿಯನ್ನೂ ಜೋಡಿಸಿಕೊಂಡ. ಎರಡೂ ಬದಿಗೆ. ಈಗ ಹಿಡಿಕೆ ಮುಟ್ಟಿದರೆ ಸಾಕು, ಗಾಜು ತಾನಾಗಿ ಇಳಿಯುತ್ತದೆ.”

“ತಮ್ಮ ತಿರುಗಿ ಬಂದನೇನ್ರೀ, ಅಜ್ಜಾರ?”

ಗುರುಗಳು ಅಂಗಳದ ಆಚೆ ಜಗಲಿಯ ಕಡೆಗೆ ಕಿವಿಗೊಟ್ಟರು.

“ನಿನ್ನ ತಮ್ಮ ಅಲ್ಲಿ ಇನ್ನೂ ಕೂತಿದ್ದಾನೆಯೇ, ಸಂಗಯ್ಯ?”