ಮೂರು ವರ್ಷದ ಅನುಭವ

ಸಣ್ಣ ಉದ್ಯಮದವರಿಗೆ ಸರ್ಕಾರಿ ಟೆಂಡರ್ ತುಂಬಿಕೊಡುವ ಸಕ್ರವ್ವನಿಗೆ ಸಾಕುಸಾಕಾಗಿತ್ತು. ರಟ್ಟಿನ ಫೈಲು ಮಾಡುವ ಆರು ಹೆಂಗಸರ ಟೆಂಡರ್ ಅರ್ಜಿಯನ್ನು ಖರೀದಿ ವಿಭಾಗದ ಸಾಹೇಬರು ಮೂರು ವರ್ಷ ತಳ್ಳಿಹಾಕಿದ್ದರು. ನಾಲ್ಕನೆಯ ಸಲವೂ ತಳ್ಳಿದರೆ ಅವರ ಶೆಡ್ಡಿಗೆ ಬೀಗವೇ ಗತಿ.

“ಸರ್ಕಾರಿ ಕಚೇರಿಗೆ ಮೂರು ವರ್ಷ ಫೈಲು ಪೂರೈಸಿದ ಅನುಭವ ಬೇಕಮ್ಮಾ,” ಎಂದರು ಸಾಹೇಬರು.

“ನೀವು ಆರ್ಡರೇ ಕೊಡದಿದ್ರ ಅನುಭವ ಎಲ್ಲಿಂದ ತರೂದ್ರಿ?”

“ನಿಯಮ ಅಂದ್ರೆ ನಿಯಮ.”

ಸಕ್ರವ್ವ ಕಪಾಟಿನತ್ತ ಕೈ ತೋರಿಸಿದಳು. “ಆ ನೀಲಿ ಫೈಲು ಯಾರವ್ರಿ? ಮೂರು ವರ್ಷ, ವರ್ಷಕ್ಕ ಹನ್ನೊಂದು ಪ್ರತಿ ಅರ್ಜಿ ಕೇಳಿದ್ರಿ. ಒಂದೊಂದು ಪ್ರತೀನೂ ನಮ್ಮ ಒಂದೊಂದು ಫೈಲಿನಾಗ ಇಟ್ಟು ಕೊಟ್ವಿ. ಅರ್ಜಿ ಒಗದು ಫೈಲು ಬಳಸಾಕತ್ತೀರಿ. ತಲುಪಿದ್ದಕ್ಕ ನಿಮ್ಮದ ಮುದ್ರಿ ಐತಿ. ಒಂದರ ಹರದೈತೇನು?”

ಸಾಹೇಬರು ಮುಂದಿದ್ದ ನೀಲಿ ಫೈಲು ಮಗುಚಿದರು. ಬೆನ್ನಿಗೆ ಹೆಂಗಸರ ಸಂಘದ ಚೀಟಿ, ಒಳಗೆ ತಮ್ಮದೇ ಬಡ್ತಿಯ ಕಾಗದ.

“ಫೈಲೇನೋ ಗಟ್ಟಿ ಇವೆ,” ಎಂದು ಗೊಣಗಿದರು.

“ಅಷ್ಟನ್ನ ಅನುಭವದ ಪ್ರಮಾಣಪತ್ರದಾಗ ಬರೀರಿ,” ಎಂದು ಸಕ್ರವ್ವ ಪೆನ್ನು ಚಾಚಿದಳು.